ಲಟ್ಟಣಿಗೆ ಹಿಡಿದವನೇ ತಿದ್ದಬೇಕು

ನನ್ನ ಮೈದುನನಂಥ ಹಟಮಾರಿ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಇನ್ನೊಬ್ಬ ಸಿಕ್ಕಿದರೆ ಹೇಳಿ, ಅವನಿಗೂ ನಾನೇ ಊಟ ಹಾಕುತ್ತೇನೆ. ಇವನು ಭದ್ರಾವತಿಯಲ್ಲಿ ಫಿಟ್ಟರ್ ಕೆಲಸದಿಂದ ರಿಟೈರಾಗಿ, ಹೆಂಡತಿಯನ್ನು ಕರೆದುಕೊಂಡು ಶಿವಮೊಗ್ಗದ ನಮ್ಮ ಮನೆಗೇ ಬಂದ. ಅವಳು ಗಾಂಧಿ ಬಜಾರಿನ ಅಂಗಡಿಗಳಿಗೆ ಅಕ್ಕಿರೊಟ್ಟಿ ತಟ್ಟಿ ಕೊಡುತ್ತಿದ್ದಳು. ಲಕ್ವ ಹೊಡೆದು ಬಲಗೈ ಸೋತಿತು. ರೊಟ್ಟಿ ನಿಂತ ಮೇಲೆ ಅವಳು ಮಾತನ್ನೂ ಕಡಿಮೆ ಮಾಡಿದಳು.

ಇವನು ರೊಟ್ಟಿ ಒತ್ತುವ ಯಂತ್ರ ಮಾಡುತ್ತೇನೆಂದು ಹೊರಟ. ಎರಡು ಹಲಗೆಯ ನಡುವೆ ಹಿಟ್ಟಿನ ಉಂಡೆ, ಮೇಲೊಂದು ಹಿಡಿ, ಅಷ್ಟೇ. ಜೊತೆಗೆ ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟ ಮೂವರು ಗೆಳೆಯರು. ನಕ್ಷೆ ಯಾರು ಕೇಳಿದರೂ ಪುಕ್ಕಟೆ, ಯಾರು ಬೇಕಾದರೂ ತಿದ್ದಬಹುದು. ತಿದ್ದಿದರು ನೋಡಿ! ಒಬ್ಬ ಹಿಡಿಯನ್ನು ದಪ್ಪ ಮಾಡಿದ, ಇನ್ನೊಬ್ಬ ಹಳೇ ಅಳತೆಗೇ ತೂತು ಕೊರೆದ, ಹಿಡಿ ಒಳಗೇ ಹೋಗಲಿಲ್ಲ.

ಆಗ ಮೈದುನನ ಕಾನೂನು ಬಂತು. ನನ್ನ ಲಟ್ಟಣಿಗೆ ಯಾರ ಕೈಯಲ್ಲಿದೆಯೋ ಅವನೊಬ್ಬನೇ ನಕ್ಷೆ ತಿದ್ದಬೇಕು. ಹಳೆಯದನ್ನು ಅಳಿಸುವಂತಿಲ್ಲ. ಹೊಸ ಹಾಳೆಯಲ್ಲಿ ಬರೆದು, ಯಾಕೆ ಬದಲಾಯಿಸಿದೆ ಅಂತ ಕೆಳಗೆ ತಿಳಿಸಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಸಾಲಾಗಿ ಕ್ಲಿಪ್ ಹಾಕಬೇಕು. ಸೀರೆಗಳು ಕಾಂಪೌಂಡ್ ಮೇಲೆ ಹೋದವು. ಲಟ್ಟಣಿಗೆ ಬಸ್ಸು ಹತ್ತಿ ಮಾಚೇನಹಳ್ಳಿಗೆ ಹೋದರೆ ನಮಗೆ ಚಪಾತಿ ಇಲ್ಲ.

"ಇನ್ನೊಂದು ಲಟ್ಟಣಿಗೆ ತಗೊಂಡು ಬಾರೋ," ಅಂದೆ.

"ಎರಡಾದ್ರೆ ಇಬ್ರು ತಿದ್ತಾರೆ ಅತ್ತಿಗೆ, ಕೆಲ್ಸ ಕೆಡುತ್ತೆ."

ಆಯನೂರಿಗೆ ನಕ್ಷೆ ಒಯ್ದವನೊಬ್ಬ ಹಿಡಿಯನ್ನು ಎಡಕ್ಕೆ ಬರೆದು ಕಳಿಸಿದ. ಕಾರಣ, ಅವನ ಅಮ್ಮ ಎಡಚಿ. ಗೆಳೆಯರು ನಕ್ಕರು.

"ಎಡಗೈ ರೊಟ್ಟಿ ಯಾರು ತಿಂತಾರೆ ಮಾರಾಯ? ಬಿಸಾಕು."

"ಬಿಸಾಕೋ ಹಾಗಿಲ್ಲ," ಎಂದು ಮೈದುನ ಎರಡನೇ ಹಗ್ಗ ಕಟ್ಟಿದ. "ಬಲದ್ದು ಈ ಹಗ್ಗದಲ್ಲಿ ಬೆಳೀಲಿ, ಎಡದ್ದು ಆ ಹಗ್ಗದಲ್ಲಿ."

ಸೀರೆಗಳು ಪಕ್ಕದ ಮನೆಯ ಕಾಂಪೌಂಡಿಗೆ ವರ್ಗವಾದವು.

ಎಡದ ಯಂತ್ರವೇ ಮೊದಲು ಸಿದ್ಧವಾಯಿತು. ಅವನ ಹೆಂಡತಿ ಮುಖ ತಿರುಗಿಸಿದಳು. "ಎಡಗೈಲಿ ಮಾಡಿದ್ದನ್ನ ಜನಕ್ಕೆ ಕೊಡೋದಾ? ನಂಗೆ ಬೇಡ."

"ಜನಕ್ಕೆ ಬೇಡ. ನಂಗೊಂದು ಕೊಡು," ಎಂದು ಇವನು ತಟ್ಟೆ ಹಿಡಿದು ನೆಲದ ಮೇಲೆ ಕೂತ. ಕಾವಲಿ ಕಾದು ಹೊಗೆಯಾಡಿದರೂ ಏಳಲಿಲ್ಲ. ಕೊನೆಗೆ ಅವಳು ಎಡಗೈಯಿಂದ ಹಿಡಿ ಒತ್ತಿದಳು. ರೊಟ್ಟಿ ಗುಂಡಗೆ ಬಂತು. ಬೇಯಿಸಿದ್ದು ನಾನು, ಬಡಿಸಲು ಮಾತ್ರ ಅವಳು ಬಿಡಲಿಲ್ಲ. ಅದು ಬಲಗೈಯಲ್ಲೇ ಆಗಬೇಕು. ಸೋತ ಕೈಯಲ್ಲೇ ರೊಟ್ಟಿ ಎತ್ತಿದಳು. ಅವನು ತಟ್ಟೆಯನ್ನು ಕೆಳಗೆ ಒಡ್ಡಿ, ಆ ಕೈ ಅಲುಗಿದ ಕಡೆಗೆಲ್ಲ ತಟ್ಟೆಯನ್ನೂ ಅಲುಗಿಸುತ್ತ ಕಾದ.