ಎಲ್ಲಿಂದ ತೆಗೆದೆಯಯ್ಯಾ?

ಪ್ರಬಂಧ ಬರೆಯೋ ಹುಡುಗರಿಗೆ ‘ಇದನ್ನ ಎಲ್ಲಿಂದ ತೆಗೆದೆಯಯ್ಯಾ, ಕೆಳಗೆ ಬರಿ’ ಎಂದು ಹೇಳಿ ಆಮೇಲೆ ನೆಮ್ಮದಿಯಾಗಿದ್ದ ಮೇಷ್ಟ್ರನ್ನು ನಾನು ಕಂಡಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಹಾಸನದ ಒಂದು ಕಾಲೇಜಿಗೆ ಚರಿತ್ರೆಯ ಮೇಷ್ಟ್ರಾಗಿ ಸೇರಿದೆ. ಸೇರಿದ ವರ್ಷವೇ, ಹುಡುಗರೆಲ್ಲ ತಮ್ಮತಮ್ಮ ಊರಿನ ಚರಿತ್ರೆ ಬರೆಯಬೇಕು, ಪ್ರತಿ ಸಂಗತಿಗೂ ಹಾಳೆಯ ಕೆಳಗೆ ಅಡಿಟಿಪ್ಪಣಿಯಲ್ಲಿ ಆಧಾರ ಕೊಡಬೇಕು, ಪುಟದ ನಂಬರು ಹಾಕಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಅಲ್ಲಿಂದ ಹತ್ತು ವರ್ಷ ಇಂಥ ಪ್ರಸಂಗಗಳು ನಡೆಯುತ್ತಲೇ ಬಂದವು.

ಪುಟ ಎಪ್ಪತ್ತೆರಡು

ಹಾಸನದ ಹತ್ತಿರದ ದುದ್ದದ ಕಡೆಯ ಹುಡುಗನೊಬ್ಬ, ಪ್ಲೇಗು ಬಂದಾಗ ತಮ್ಮೂರ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದ. ಕೆಳಗೆ ನೋಡಿದರೆ, ‘ಆಧಾರ: ನಮ್ಮಜ್ಜಿ, ಪುಟ ೭೨.’

“ಅಜ್ಜಿಗೆ ಎಂಥಾ ಪುಟವಯ್ಯಾ?” ಎಂದೆ.

“ವಯಸ್ಸು ಸಾ. ಪುಟದ ನಂಬರ್ ಇಲ್ದಿದ್ರೆ ಮಾರ್ಕ್ಸ್ ಕಟ್ ಅಂದಿದ್ರಲ್ಲ.”

ಮಾರನೆಯ ವರ್ಷ ಅದೇ ಪ್ರಬಂಧವನ್ನು ತಿದ್ದಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟ. ಅದರಲ್ಲಿ ಪುಟ ೭೩ ಆಗಿತ್ತು.

ಅದೇ

ಒಂದೇ ಪುಸ್ತಕದ ಹೆಸರನ್ನು ಮತ್ತೆ ಮತ್ತೆ ಬರೆಯೋದು ಬೇಡ, ಎರಡನೇ ಸಲದಿಂದ ‘ಅದೇ’ ಎಂದರೆ ಸಾಕು ಎಂದು ಹೇಳಿಕೊಟ್ಟಿದ್ದೆ. ಚನ್ನರಾಯಪಟ್ಟಣದವನೊಬ್ಬನ ಪ್ರಬಂಧದಲ್ಲಿ ಮೊದಲನೆಯ ಆಧಾರವೇ ‘ಅದೇ’. ಎರಡನೆಯದೂ ಅದೇ, ಹದಿನಾಲ್ಕನೆಯದೂ ಅದೇ.

“ಯಾವುದಯ್ಯಾ ಅದು?”

“ಅದೇ ಸಾ.”

“ಅದೇ ಅಂದರೆ ಯಾವುದು?”

ತಲೆ ಕೆರೆದುಕೊಂಡು, “ಸಾ, ನಂಗೆ ಕಾಪಿ ಮಾಡಾಕೆ ಸಿಕ್ಕಿದ್ದು ಎರಡನೇ ಹಾಳೆಯಿಂದ. ಮೊದಲನೇ ಹಾಳೆನ ಇನ್ನೊಬ್ಬ ಇಟ್ಕಂಡು ಕೂತಿದ್ದ” ಎಂದ.

ಆ ಇನ್ನೊಬ್ಬನ ಪ್ರಬಂಧ ತೆಗೆದು ನೋಡಿದೆ. ಒಂದೇ ಹಾಳೆ ಇತ್ತು.

ಅಂಟಿಸಿದ ಆಧಾರ

ಒಂದು ದಿನ ನಮ್ಮ ಲೈಬ್ರರಿಯವರು ಬಡಕಲಾಗಿದ್ದ ಪುಸ್ತಕವೊಂದನ್ನು ಹಿಡಿದು ಸ್ಟಾಫ್ ರೂಮಿಗೆ ನುಗ್ಗಿದರು. ಎರಡು ರಟ್ಟು ಇತ್ತು, ನಡುವೆ ಹಾಳೆ ಇರಲಿಲ್ಲ ಅನ್ನಬೇಕು. “ನಿಮ್ಮ ಆಧಾರದ ಹುಚ್ಚಿಗೆ ನನ್ನ ಕೆಲಸ ಹೋಗತ್ತೆ ಮೇಷ್ಟ್ರೇ” ಎಂದರು.

ಆ ಪುಸ್ತಕ ಒಯ್ದಿದ್ದವನನ್ನು ಕರೆಸಿದೆ. ಅವನು ಧೈರ್ಯವಾಗಿ ತನ್ನ ಪ್ರಬಂಧ ತಂದು ಮೇಜಿನ ಮೇಲಿಟ್ಟ. ದಿಂಬಿನಷ್ಟು ದಪ್ಪ. ಹರಿದ ಹಾಳೆಗಳನ್ನೆಲ್ಲ ಗೋಂದು ಹಚ್ಚಿ ಸಾಲಾಗಿ ಅದರಲ್ಲೇ ಅಂಟಿಸಿದ್ದ.

“ಏನಯ್ಯಾ ಇದು ಅನಾಹುತ?”

“ಪುಸ್ತಕ ನೋಡ್ದೆ ಬರ್ದವ್ನೆ ಅಂತ ನೀವು ಅನ್ಬಾರ್ದಲ್ಲ ಸಾ. ಅದ್ಕೇ ಪುರಾವೆ ಇಟ್ಟಿವ್ನಿ.”

ಲೈಬ್ರರಿಯವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಆಮೇಲೆ ಪ್ರಬಂಧವನ್ನೇ ಎತ್ತಿಕೊಂಡು ಹೋಗಿ, ಪುಸ್ತಕದ ನಂಬರನ್ನು ಅದಕ್ಕೆ ಹಾಕಿ ಬೀರುವಿನಲ್ಲಿಟ್ಟರು. ಆ ಪುಸ್ತಕ ಕೇಳಿಕೊಂಡು ಬಂದವರಿಗೆಲ್ಲ ವರ್ಷಗಟ್ಟಲೆ ಅದನ್ನೇ ಕೊಡುತ್ತಿದ್ದರು.

ಕೊಳದ ಮೂಲ

ಹೊಳೆನರಸೀಪುರದ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ಮಾತು ಕಮ್ಮಿ, ಶ್ರದ್ಧೆ ಜಾಸ್ತಿ. ತಮ್ಮೂರಿನ ಕೊಳವನ್ನು ಮಜ್ಜಿಗೆ ಮಾರುತ್ತಿದ್ದ ಹೆಂಗಸೊಬ್ಬಳು ಕಟ್ಟಿಸಿದಳು ಎಂದು ಬರೆದು, ‘ಆಧಾರ: ಊರಿನ ಪಟೇಲರು’ ಎಂದು ಹಾಕಿದ್ದ.

“ಇದು ಸಾಲದು. ಪಟೇಲರಿಗೆ ಯಾರು ಹೇಳಿದರು? ಅವರಿಗೆ ಯಾರು ಹೇಳಿದರು? ಮೂಲಕ್ಕೆ ಹೋಗು” ಎಂದು ವಾಪಸ್ ಕೊಟ್ಟೆ.

ಹುಡುಗರು ಸಭೆಯ ಮುಂದೆ ಪ್ರಬಂಧಗಳನ್ನು ಓದುವ ದಿನ ಬಂತು. ಮೈಸೂರಿನಿಂದ ವಿದ್ವಾಂಸರೊಬ್ಬರು ಅತಿಥಿಗಳಾಗಿ ಬಂದಿದ್ದರು. ಅವರ ಪಕ್ಕದಲ್ಲಿ ಪ್ರಿನ್ಸಿಪಾಲರು, ಆಮೇಲೆ ನಾನು. ಒಳ್ಳೆಯ ಪ್ರಬಂಧಕ್ಕೆ ಕೊಡುವ ಬಹುಮಾನ ಪ್ರಿನ್ಸಿಪಾಲರ ಕೈಯಲ್ಲಿತ್ತು. ಹುಡುಗ ಚೆನ್ನಾಗಿ ಓದಿದ. ಕೊಳದ ಸಂಗತಿಗೆ ಮಾತ್ರ ಆಧಾರ ಹೇಳಲಿಲ್ಲ. ನನ್ನ ಪಾಠ ಎಷ್ಟು ಗಟ್ಟಿ ಎಂದು ಅತಿಥಿಗಳಿಗೆ ತೋರಿಸೋಣ ಎನ್ನಿಸಿ ಗಟ್ಟಿಯಾಗಿ ಕೇಳಿದೆ: “ಮೂಲ ಸಿಕ್ತೇನಯ್ಯಾ?”

“ಸಿಕ್ತು ಸಾ. ಪಟೇಲರಿಗೆ ಏಳಿದ್ದು ನಮ್ಮೂರ ಸ್ಕೂಲ್ ಮೇಷ್ಟ್ರು. ಅವ್ರಿಗೆ ಏಳಿದ್ದು ಅರಕಲಗೂಡಿನ ಒಬ್ರು ಓಟ್ಲವ್ರು. ಬಸ್ ಅತ್ಕಂಡು ಅಲ್ಲಿಗೂ ಓಗಿದ್ದೆ.”

“ಭೇಷ್! ಹೋಟೆಲಿನವರು ಏನಂದರು?”

“ಬ್ಯಾಡ ಬುಡಿ ಸಾ.”

“ಹೆದರಬೇಡ, ಹೇಳು. ಸತ್ಯಕ್ಕೆ ಯಾರ ಮುಲಾಜೂ ಇಲ್ಲ.”

ಹುಡುಗ ನೆಲ ನೋಡಿಕೊಂಡು ಹೇಳಿದ: “ಓದ್ವರ್ಸ ಅವ್ರ ಓಟ್ಲ ಮುಂದೆ ಬಸ್ ಕೆಟ್ಟೋಗಿತ್ತಂತೆ ಸಾ. ಆಸನದ ಕಾಲೇಜಿನ ಇಸ್ಟ್ರಿ ಮೇಷ್ಟ್ರು ಒಬ್ರು ಒಳಕ್ಕೆ ಬಂದು, ಇಡ್ಲಿ ತಿಂತಾ ತಿಂತಾ ಏಳಿದ್ರಂತೆ.”

ನಮ್ಮ ಕಾಲೇಜಿನಲ್ಲಿ ಚರಿತ್ರೆಗೆ ಇದ್ದದ್ದು ನಾನೊಬ್ಬನೇ. ಇಡೀ ಸಭೆ ನನ್ನ ಕಡೆ ತಿರುಗಿತು. ಆಗ ನೆನಪಾಯಿತು. ಹುಡುಗನ ಹಳ್ಳಿ ಆ ಹೋಟೆಲಿನವರ ಮಾವನ ಊರಂತೆ. ಅಲ್ಲಿಯ ಮಾತು ಬಂದಾಗ ಅವರು, “ಇಷ್ಟು ಓದಿದ್ದೀರಿ, ಆ ಕೊಳ ಕಟ್ಟಿಸಿದೋರು ಯಾರು ಮೇಷ್ಟ್ರೇ?” ಎಂದು ಕೇಳಿದ್ದರು.

ಅತಿಥಿಗಳು ಕನ್ನಡಕ ಸರಿ ಮಾಡಿಕೊಂಡು ಮೃದುವಾಗಿ ಕೇಳಿದರು: “ತಮಗೆ ಯಾರು ಹೇಳಿದ್ದು?”

ಬೆವರು ಒರೆಸಿಕೊಂಡೆ. “ಯಾರೂ ಹೇಳಲಿಲ್ಲ ಸ್ವಾಮಿ. ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆಯಾಯ್ತು. ಎದುರಿಗೆ ಒಬ್ಬರು ಮಜ್ಜಿಗೆ ಕುಡೀತಾ ಇದ್ದರು.”

ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಪ್ರಿನ್ಸಿಪಾಲರು ಎದ್ದು ಬಹುಮಾನವನ್ನು ಹುಡುಗನ ಕೈಗಿಟ್ಟು ಹೇಳಿದರು: “ನನ್ನ ಸರ್ವೀಸಿನಲ್ಲಿ ಎಷ್ಟೋ ಅಡಿಟಿಪ್ಪಣಿ ನೋಡಿದ್ದೀನಿ. ಕುರ್ಚಿ ಮೇಲೆ ಕೂತು ಬೆವರ್ತಾ ಇರೋ ಅಡಿಟಿಪ್ಪಣಿ ನೋಡಿದ್ದು ಇವತ್ತೇ!”