ಭಾವ ಮಾಡಿದ ಕಲಿಕಾಮಾಪಕ

ಭಾನುವಾರ ಬೆಳಿಗ್ಗೆ ನಾವು ಅವಲಕ್ಕಿ ತಿನ್ನುತ್ತಿದ್ದಾಗ ಭಾವ ಆ ಪೆಟ್ಟಿಗೆಯನ್ನು ತಂದು ಮೇಜಿನ ನಡುವೆ ಇಟ್ಟರು. ಹಳೇ ರೇಡಿಯೋದ ಮೈ. ಅದರಿಂದ ಹೊರಟ ರಬ್ಬರ್ ಕೊಳವೆ. ಕೊಳವೆಯ ತುದಿಗೆ, ಡಾಕ್ಟರು ಬಿಪಿ ನೋಡಲು ತೋಳಿಗೆ ಸುತ್ತುವಂಥ ಪಟ್ಟಿ.

"ಕಲಿಕಾಮಾಪಕ," ಅಂದರು ಭಾವ. "ಪಟ್ಟಿ ಸುತ್ತಬೇಕು, ವಿಷಯ ಹೇಳಬೇಕು. ಆ ವಿಷಯ ಎಷ್ಟು ಬರುತ್ತೆ ಅಂತ ನೂರಕ್ಕೆ ಇಷ್ಟು ಅಂತ ಅಂಕ ಬೀಳುತ್ತೆ. ಪ್ರಶ್ನೆ ಪತ್ರಿಕೆ ಇಲ್ಲ, ಉತ್ತರ ಪತ್ರಿಕೆ ಇಲ್ಲ. ಒಳಗೆ ಸಿಮ್ ಇದೆ. ಅಂಕ ಸೀದಾ ನಿಮ್ಮ ಶಿಕ್ಷಣ ಇಲಾಖೆಯ ಮೇಲಿನ ಆಫೀಸಿನ ಕಂಪ್ಯೂಟರಿಗೆ ಹೋಗುತ್ತೆ ಅನಸೂಯಾ, ನೀನು ಕೂತು ಟೈಪ್ ಮಾಡೋದೂ ಬೇಕಿಲ್ಲ."

ಭಾವ ಅಂದರೆ ನಮ್ಮ ಯಜಮಾನರ ಅಣ್ಣ, ವೃಷಭೇಂದ್ರಪ್ಪ. ಐಟಿಐನಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಮದುವೆ ಮಾಡಿಕೊಳ್ಳಲಿಲ್ಲ, ಮಕ್ಕಳಿಲ್ಲ, ಯಂತ್ರಗಳಿವೆ. ಹೋದ ವರ್ಷ ಅವರ ರೊಟ್ಟಿ ತಟ್ಟುವ ಯಂತ್ರ ಬಡಿದ ರೊಟ್ಟಿ ಗೋಡೆಗೆ ಅಂಟಿಕೊಂಡದ್ದು ಸುಣ್ಣ ಹೊಡೆದರೂ ಕಾಣುತ್ತದೆ.

"ಲೇ ಕೊಟ್ರ, ತೋಳು ಕೊಡು," ಅಂದರು.

"ನನ್ನ ತೋಳೇ ಯಾಕೆ ಬೇಕು ಅಣ್ಣ?" ಅನ್ನುತ್ತಲೇ ನಮ್ಮ ಯಜಮಾನರು ತೋಳು ಚಾಚಿದರು.

ಭಾವ ಯಂತ್ರಕ್ಕೆ "ಚಹಾ ಮಾಡೋದು" ಅಂದರು. ಪಟ್ಟಿ ಉಬ್ಬಿತು, ಇಳಿಯಿತು. ಗಾಜಿನ ಕಿಟಕಿಯಲ್ಲಿ ಎಪ್ಪತ್ತೆರಡು ಅಂತ ಕೆಂಪು ಅಂಕಿ ಮೂಡಿತು.

"ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ಎಪ್ಪತ್ತೆರಡೇ?"

"ಸಕ್ಕರೆ ಜಾಸ್ತಿ ಸುರೀತೀಯಲ್ಲ, ಇಪ್ಪತ್ತೆಂಟು ಅಲ್ಲಿ ಹೋಯ್ತು."

ಅಣ್ಣ ತಮ್ಮ ಜಗಳ ಶುರು ಮಾಡಿದರು. ಮತ್ತೆ ಅಳೆ, ಇನ್ನೊಂದು ಸಲ ಅಳೆ ಅಂತ ಒಂಬತ್ತು ಹತ್ತು ಸಲ ಅಳೆಸಿಕೊಂಡರು. ನಾನು ಬಟ್ಟೆ ಒಗೆಯಲು ಹೋದೆ. ಸಂಜೆ ನಾಲ್ಕಕ್ಕೆ ನೋಡಿದರೆ ಯಜಮಾನರು ಚಹಾಪುಡಿಯ ಡಬ್ಬಿ ಹಿಡಿದು ಒಲೆ ಮುಂದೆ ನಿಂತಿದ್ದರು.

"ಇದನ್ನ ಮೊದಲು ತೊಳೀಬೇಕಾ?" ಅಂತ ಕೇಳಿದರು.

ಕೆಲಸ ತಪ್ಪಿಸಿಕೊಳ್ಳಲು ಹೊಸ ನಾಟಕ ಅಂದುಕೊಂಡು ನಾನೇ ಚಹಾ ಮಾಡಿದೆ. ಆ ಹೊತ್ತಿಗೆ ಒಂದು ನಿಮಿಷ ಯೋಚಿಸಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ.

ನಾನು ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರು. ಮೂವತ್ತೊಂದು ಮಕ್ಕಳು. ಹೆಚ್ಚಿನವರ ತಂದೆ ತಾಯಿ ಭಟ್ಟಿಯಲ್ಲೇ ದುಡಿಯುವವರು. ವರ್ಷದ ಮೊದಲಿಗೊಂದು ಪರೀಕ್ಷೆ, ನಡುವೆ ನಾಲ್ಕು, ಕೊನೆಗೆ ಎರಡು, ಓದು ಎಷ್ಟು ಬರುತ್ತೆ ಅಂತ ಬೇರೆ, ಲೆಕ್ಕಕ್ಕೆ ಬೇರೆ. ಒಂದರ ಅಂಕ ಕಂಪ್ಯೂಟರಿಗೆ ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಪಾಠಕ್ಕೆ ಸಮಯ ಸಿಗಲಿ ಅನ್ನುವ ಆಸೆಗೆ ನಾನು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೋದೆ.

ಒಂದೇ ಮಧ್ಯಾಹ್ನ ಮೂವತ್ತೊಂದು ಮಕ್ಕಳ ಅಳತೆ ಮುಗಿಯಿತು. ರಿಜ್ವಾನಾಗೆ ಓದಿನಲ್ಲಿ ಅರವತ್ತೊಂದು ಬಂದಾಗ ನಾನು ಬಗ್ಗಿ ಅಂಕಿಯನ್ನು ಇನ್ನೊಮ್ಮೆ ನೋಡಿದೆ. ಆ ಹುಡುಗಿ ಅಕ್ಷರ ಕೂಡಿಸಲು ಮೂರು ವರ್ಷ ತೆಗೆದುಕೊಂಡಿದ್ದಳು. ಒತ್ತಕ್ಷರ ಕಂಡರೆ ಪುಸ್ತಕ ಮುಚ್ಚುತ್ತಿದ್ದಳು. 'ರಾಷ್ಟ್ರ' ಅನ್ನುವ ಒಂದು ಪದದ ಮುಂದೆ ಒಂದು ವಾರ ನಿಂತಿದ್ದಳು. ಡಿಸೆಂಬರಿನಲ್ಲಿ ಒಂದು ದಿನ ಭಟ್ಟಿಯ ಬೋರ್ಡನ್ನು ತಾನಾಗಿಯೇ ಓದಿದಳಂತೆ. ಅವಳ ತಾಯಿ ಕೆಲಸ ಬಿಟ್ಟು, ಬಿಸಿ ಮಂಡಕ್ಕಿಯ ಚೀಲ ಹಿಡಿದುಕೊಂಡು, ಮೈಯೆಲ್ಲ ಮಸಿಯಾಗಿದ್ದ ಹಾಗೇ ಶಾಲೆಗೆ ಬಂದಿದ್ದರು.

ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಮಹೇಶ್ವರಯ್ಯನವರು ಅಂಕಪಟ್ಟಿ ನೋಡಿ ಖುಷಿಯಾದರು.

"ಮೇಡಂ, ಒಂದು ಅಳತೆಯಿಂದ ಪ್ರಗತಿ ಗೊತ್ತಾಗಲ್ಲ. ಶುಕ್ರವಾರ ಇನ್ನೊಂದು ಸಲ ಮಾಡಿ."

ಶುಕ್ರವಾರ ರಿಜ್ವಾನಾಗೆ ನಲವತ್ತೇಳು ಬಂತು. ಮುಂದಿನ ಶುಕ್ರವಾರ ಮೂವತ್ತು. ಎಲ್ಲ ಮಕ್ಕಳದೂ ಹಾಗೇ ಇಳಿಯಿತು.

"ಅಂಕ ಇಳೀತಿದೆ ಅಂದರೆ ಅಳತೆ ಸಾಲ್ತಿಲ್ಲ ಅಂತ ಅರ್ಥ," ಅಂದರು ಮಹೇಶ್ವರಯ್ಯ. "ದಿನಾ ಅಳೀರಿ."

ನಾನು ದಿನಾ ಅಳೆದೆ.

ಬುಧವಾರ, ಏಳರ ಮಗ್ಗಿ ಹೇಳು ಅಂದರೆ ಮೊದಲ ಬೆಂಚಿನ ಹುಡುಗ "ಮಗ್ಗಿ ಅಂದ್ರೇನು ಮಿಸ್?" ಅಂದ. ಗುರುವಾರ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರು ತೋರಿಸಲು ಯಾರಿಗೂ ಆಗಲಿಲ್ಲ. ರಿಜ್ವಾನಾ ಪುಸ್ತಕ ತೆಗೆದುಕೊಂಡು ನನ್ನ ಹತ್ತಿರ ಬಂದಳು. ಹಾಳೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು.

"ಮಿಸ್, ಇವು ಬರೀ ಇರುವೆ ಥರ ಕಾಣ್ತವೆ. ನನಗೆ ಮೊದಲು ಬರ್ತಿತ್ತಲ್ವಾ?"

"ಬರ್ತಿತ್ತು ಕಣೆ," ಅಂದೆ.

"ಅಮ್ಮಿಗೆ ಹೇಳಬೇಡಿ ಮಿಸ್."

ಆಗ ನನಗೆ ಒಲೆ ಮುಂದೆ ನಿಂತ ಯಜಮಾನರು ನೆನಪಾದರು. ಶಾಲೆ ಬಿಟ್ಟ ಕೂಡಲೇ ಪೆಟ್ಟಿಗೆ ಹೊತ್ತುಕೊಂಡು ಭಾವನ ಕೋಣೆಗೆ ಹೋದೆ. ಅವರು ಮುಚ್ಚಳ ಬಿಚ್ಚಿ ಬಹಳ ಹೊತ್ತು ಬಗ್ಗಿ ನೋಡಿದರು.

"ಅಳೀಬೇಕಾದರೆ ಸ್ವಲ್ಪ ತೆಗೀಲೇಬೇಕಲ್ಲ ಅನಸೂಯಾ," ಅಂದರು ಮೆಲ್ಲಗೆ. "ರಕ್ತ ಪರೀಕ್ಷೆಗೆ ರಕ್ತ ತೆಗೆಯಲ್ವಾ?"

"ರಕ್ತ ಮತ್ತೆ ಊರುತ್ತೆ ಭಾವ."

"ವಿದ್ಯೆನೂ ಊರುತ್ತೆ ಅಂದ್ಕೊಂಡಿದ್ದೆ." ಅವರು ಕನ್ನಡಕ ತೆಗೆದು ಒರೆಸಿದರು. "ಎಲ್ಲ ಇದರೊಳಗೇ ಇದೆ. ವಾಪಸ್ ಕಳಿಸಬಹುದು. ಆದರೆ ಎಲ್ಲರದೂ ಚಿತ್ರಾನ್ನದ ಹಾಗೆ ಕಲಸಿಹೋಗಿದೆ. ಯಾರದು ಯಾರಿಗೆ ಅಂತ ಗುರುತಿಲ್ಲ."

"ಯಾರಿಗೆ ಯಾರದಾದರೂ ಬರಲಿ. ಓದೋಕೆ ಬಂದರೆ ಸಾಕು."

"ಅಣ್ಣ, ನನ್ನ ಚಹಾ?" ಅಂದರು ಬಾಗಿಲಲ್ಲಿ ನಿಂತಿದ್ದ ಯಜಮಾನರು.

"ಅದೂ ಇದರೊಳಗೇ ಇದೆ. ಯಾವ ಮಗುವಿಗೆ ಹೋಗುತ್ತೋ ಗೊತ್ತಿಲ್ಲ."

ಮರುದಿನ ಭಾವ ನನ್ನ ಜೊತೆ ಶಾಲೆಗೆ ಬಂದರು. ತಂತಿಗಳನ್ನು ಉಲ್ಟಾ ಜೋಡಿಸಿದ್ದರು. ಮೊದಲು ರಿಜ್ವಾನಾಗೇ ಆಗಲಿ ಅಂತ ನಾನೇ ಅವಳನ್ನು ಕೂರಿಸಿದೆ. ಅವಳ ತೋಳು ಕಡ್ಡಿಯಷ್ಟು. ಜಾರದಿರಲಿ ಅಂತ ದಿನವೂ ಪಟ್ಟಿಗೆ ಪಿನ್ನು ಹಾಕುತ್ತಿದ್ದೆ. ಅವತ್ತು ಗಡಿಬಿಡಿಯಲ್ಲಿ ಹಾಕಲಿಲ್ಲ. ಭಾವ ಗುಂಡಿ ಒತ್ತಿದ್ದೇ ತಡ, ಪಟ್ಟಿ ಅವಳ ತೋಳಿಂದ ಜಾರಿ ರೇಡಿಯೋದ ಹಿಡಿಕೆಗೆ ಸಿಕ್ಕಿಕೊಂಡು ಉಬ್ಬಿತು. ಒಳಗಿದ್ದ ಓದನ್ನೆಲ್ಲ ಯಂತ್ರ ತನಗೆ ತಾನೇ ಕೊಟ್ಟುಕೊಂಡು, ತನ್ನನ್ನು ತಾನೇ ಅಳೆಯತೊಡಗಿತು.

ಕಿಟಕಿಯಲ್ಲಿ ನೂರು ಅಂತ ಮೂಡಿತು. ಮತ್ತೆ ನೂರು. ಮತ್ತೆ ನೂರು.

"ಆರಿಸಿ ಭಾವ."

"ಆರ್ತಿಲ್ಲ. ಯಾವುದೋ ಹುಡುಗ ಹಟ ಹಿಡಿದ ಹಾಗೆ ಮಾಡ್ತಿದೆ."

ಮೂವತ್ತೆರಡು ಸಲ ನೂರು ಬಂದ ಮೇಲೆ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಭಾವ ಅಂಗಿ ಬಿಚ್ಚಿ ಮುಚ್ಚಿದರು, ನಾನು ಬಿಂದಿಗೆಯ ನೀರು ಸುರಿದೆ. ಮುಚ್ಚಳ ತೆಗೆದರೆ ಒಳಗೆ ಹಿಡಿ ಬೂದಿ. ಮೂವತ್ತೊಂದು ಮಕ್ಕಳು ಸುತ್ತ ನಿಂತು ಅದನ್ನು ನೋಡಿದರು. ತಮ್ಮದು ಏನು ಸುಟ್ಟಿತು ಅಂತಲೂ ಅವರಿಗೆ ತಿಳಿದಿರಲಿಲ್ಲ. ಬನಿಯನ್ನಿನಲ್ಲಿ ನಿಂತಿದ್ದ ಭಾವ ಮೂಲೆಯ ಬೆಂಚಿನ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುಡುವ ಮೊದಲು ಸಿಮ್ ತನ್ನ ಕೆಲಸ ಮುಗಿಸಿತ್ತು; ಬಂದ ಅಂಕಗಳನ್ನೆಲ್ಲ ಸಾಲಾಗಿ ಒಂದೊಂದು ಹೆಸರಿಗೆ ಮೇಲಿನ ಆಫೀಸಿಗೆ ಕಳಿಸಿತ್ತು. ಸೋಮವಾರ ಮಹೇಶ್ವರಯ್ಯ ಹಾರ ಹಿಡಿದುಕೊಂಡು ಬಂದರು.

"ಇಡೀ ಕ್ಲಾಸಿಗೆ ನೂರಕ್ಕೆ ನೂರು ಮೇಡಂ."

"ಸರ್, ಮಕ್ಕಳಿಗೆ ಅ ಆ ಕೂಡ ಬರಲ್ಲ. ಯಾರನ್ನಾದರೂ ಓದಿಸಿ ನೋಡಿ."

"ಅಂಕ ಬಂದಮೇಲೆ ಓದಿಸಿ ನೋಡೋ ಪದ್ಧತಿ ಇಲ್ಲ. ನಿಮಗೆ ಸುಸ್ತಾಗಿದೆ, ರಜೆ ಹಾಕಿ."

ಅಂಕ ಬದಲಿಸಿ ಅಂತ ನಾಲ್ಕು ಅರ್ಜಿ ಬರೆದೆ. ಒಂದಕ್ಕೆ ಮಾತ್ರ ಉತ್ತರ ಬಂತು: ನಿಮ್ಮ ತರಗತಿಗೆ ಅಕ್ಷರ ಕಲಿಸುವ ಕಾರ್ಡುಗಳ ಅಗತ್ಯ ಇನ್ನಿಲ್ಲವಾದ್ದರಿಂದ ವಾಪಸ್ ಕಳಿಸಿ. ಕಳಿಸಿದೆ. ರಿಜ್ವಾನಾಳ ತಾಯಿಗೆ ನಾನೇ ಹೋಗಿ ವಿಷಯ ಹೇಳಿದೆ. ಭಟ್ಟಿಯ ಮುಂದೆ ನಿಂತು ಕೇಳಿಸಿಕೊಂಡರು. "ಮತ್ತೆ ಮೂರು ವರ್ಷಾನಾ ಟೀಚರಮ್ಮ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಆ ಮಕ್ಕಳು ಐದನೇ ಕ್ಲಾಸು. ಬೇಡಿಕೊಂಡು ನಾನೂ ಅವರ ಜೊತೆ ಐದಕ್ಕೆ ಬಂದಿದ್ದೇನೆ. ಭಾವ ದಿನವೂ ಬಂದು ನೆಲದ ಮೇಲೆ ಇದ್ದಿಲಿನಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆದುಕೊಡುತ್ತಾರೆ. ಯಂತ್ರದ ಮಾತೆತ್ತುವುದಿಲ್ಲ. ರಿಜ್ವಾನಾ 'ಕ' ತನಕ ಬಂದಿದ್ದಾಳೆ.

ಜೂನಿನಲ್ಲಿ ಮೇಲಿನ ಆಫೀಸಿನಿಂದ ಬಂದ ನಮ್ಮ ಕ್ಲಾಸಿನ ಮಕ್ಕಳ ಪಟ್ಟಿಯಲ್ಲಿ ಮೂವತ್ತೆರಡು ಹೆಸರಿದ್ದವು. ಕೊನೆಯದು 'ಕಲಿಕಾಮಾಪಕ ವಿ., ತಂದೆ: ವೃಷಭೇಂದ್ರಪ್ಪ.' ಆ ಹೆಸರು ತೆಗೆಯಲು ಬರುವುದಿಲ್ಲವಂತೆ, ನೂರು ತೆಗೆದ ವಿದ್ಯಾರ್ಥಿಯಂತೆ. ಅದರ ಹೆಸರಿಗೆ ಸಮವಸ್ತ್ರ ಬಂತು, ಒಂದು ಜೊತೆ ಶೂ ಬಂತು, ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬರುತ್ತದೆ. ಮೊಟ್ಟೆಯನ್ನು ರಿಜ್ವಾನಾಗೆ ಕೊಡುತ್ತೇನೆ.

ಹಾಜರಿಯೂ ಕಂಪ್ಯೂಟರಿನಲ್ಲಿ ತಾನಾಗಿಯೇ ಬೀಳುತ್ತದೆ. ಇಡೀ ಕ್ಲಾಸಿನಲ್ಲಿ ಒಂದು ದಿನವೂ ತಪ್ಪಿಸದಿರುವುದು ಅದೊಂದೇ.