ಎಡಗಡೆ ಸ್ಪೀಕರಿನ ತಂತಿ

ನಮ್ಮಣ್ಣನಂಥ ಗಿರಾಕಿ ಬರುತ್ತಿರುವುದು ಕಂಡರೆ ಅಂಗಡಿಯವರು ಷಟರ್ ಎಳೆದುಕೊಳ್ಳುವುದೇ ಒಳ್ಳೆಯದು!

ಅವನಿಗೆ ಹೋಮ್ ಥಿಯೇಟರ್ ರಿಸೀವರ್ ಬೇಕಾಗಿತ್ತು. ಅಂದರೆ ಸಿನಿಮಾದ ಸದ್ದನ್ನು ಸುತ್ತ ಇಟ್ಟ ಸ್ಪೀಕರುಗಳಿಗೆ ಹಂಚಿಕೊಡುವ ಪೆಟ್ಟಿಗೆ. ಅದೂ ಕಡಿಮೆ ಬೆಲೆಯದು. ಲೋಕವೆಲ್ಲ ಸದ್ದು ಕೇಳಿ ಖರೀದಿಸಿದರೆ ಇವನು ಬಳ್ಳಾರಿಯ ಅಂಗಡಿಗಳಲ್ಲಿ ಹಾಡು ನಿಲ್ಲಿಸಲು ಹೇಳಿ, ವಾಲ್ಯೂಮ್ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿಯಿಟ್ಟು ಕೂರುತ್ತಿದ್ದ. "ಸುಮ್ನಿರು ಅಂದಾಗ ಸುಮ್ನಿರಬೇಕು. ಇದು ಗೊಣಗಾಕತ್ತೈತಿ" ಎಂದು ಎದ್ದು ಬರುತ್ತಿದ್ದ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ವರ್ಷಗಟ್ಟಲೆ ಯಂತ್ರ ನೋಡಿಕೊಂಡವನು. ಯಾವ ಬೆಲ್ಟ್ ಸಡಿಲವಾಗಿದೆ ಎಂದು ಅಂಗಳದಲ್ಲಿ ನಿಂತೇ ಹೇಳುವ ಕಿವಿ ಅದು.

ಸಿರುಗುಪ್ಪದ ಅಂಗಡಿಯಲ್ಲಂತೂ ಒಂದೊಂದೇ ಪೆಟ್ಟಿಗೆಯನ್ನು ಎತ್ತಿ ತೂಗಿ ನೋಡಿದ. ಒಳಗಿನ ಟ್ರಾನ್ಸ್‌ಫಾರ್ಮರ್ ಭಾರವಿದ್ದರೇ ದನಿಗೆ ದಮ್ಮು ಎಂಬುದು ಅವನ ಸಿದ್ಧಾಂತ.

"ಇದೇನು ಮೆಣಸಿನಕಾಯಿ ಚೀಲ ಅಲ್ರೀ, ಅಣ್ಣಾರ" ಎಂದ ಅಂಗಡಿಯವನು.

"ಅದಕ್ಕ ಎತ್ತಿ ನೋಡಾಕತ್ತೀನಿ. ಮೆಣಸಿನಕಾಯಿ ಹಗುರ ಇದ್ರೂ ಘಾಟು ಇರತೈತಿ."

ಒಂಬತ್ತು ಸ್ಪೀಕರಿನದು ತೆಗೆದುಕೊಳ್ಳಿ ಎಂದವನಿಗೆ, ನನಗಿರುವುದು ಎರಡೇ ಕಿವಿ ಎಂದು ಹೇಳಿ ಬಂದನಂತೆ. ಕೊನೆಗೆ ಕುರುಗೋಡಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ಐದು ಸ್ಪೀಕರಿನ ಹಳೆಯ ಸೆಟ್ಟು ಅಗ್ಗಕ್ಕೆ ಸಿಕ್ಕಿತು. ರಿಸೀವರನ್ನು ಬಸ್ಸಿನಲ್ಲಿ ಬಾಣಂತಿ ಕೂಸನ್ನು ಹಿಡಿದುಕೊಳ್ಳುವಂತೆ ತೊಡೆಯ ಮೇಲಿಟ್ಟುಕೊಂಡು ತಂದ.

ನೀವೆಲ್ಲ ನಗುತ್ತಿದ್ದೀರಿ. ನನಗೆ ಮಾತ್ರ ಆಗ ನಗು ಬರಲಿಲ್ಲ.

ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಮನೆಗೂ ಅಣ್ಣನ ಮನೆಗೂ ಎರಡೇ ಓಣಿ ದೂರ. ಬಳಗದಲ್ಲೆಲ್ಲ ದೊಡ್ಡ ಟಿವಿ ನನ್ನದೇ. ಹೀಗಾಗಿ ಭಾನುವಾರ ಎಲ್ಲರೂ ನಮ್ಮಲ್ಲೇ. ಆರನೇ ತರಗತಿಗೆ ಸಾಲಿ ಬಿಟ್ಟು ಬ್ಲೌಸು ಹೊಲಿಯುವ ನನ್ನನ್ನು, ದೊಡ್ಡ ಓದು ಓದಿದ ಭಾವನವರು, ಅತ್ತಿಗೆಯರು ಅಂದು ಮಾತ್ರ ಹೆಸರು ಹಿಡಿದು ಕರೆದು, ನಾನು ಕರಿದ ಮಿರ್ಚಿ ಭಜಿ ಹೊಗಳಿ, ಸಂಜೆವರೆಗೂ ಕೂರುತ್ತಿದ್ದರು. ವಾರಕ್ಕೆ ಅದೊಂದೇ ದಿನ ನಾನೂ ಒಬ್ಬಳು ಮನುಷ್ಯಳು. ಅದನ್ನೂ ಆ ಪೆಟ್ಟಿಗೆ ಕಿತ್ತುಕೊಂಡರೆ?

ಶುಕ್ರವಾರ ತಂತಿ ಎಳೆಯಲು ಅಣ್ಣ ನನ್ನನ್ನೇ ಕರೆದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನಲ್ಲಿ ಅದಲುಬದಲಾದರೂ ದನಿ ಪೊಳ್ಳಾಗುತ್ತದೆ ಎಂದು ಪಾಠ ಹೇಳಿಕೊಟ್ಟ. ಜನ್ಮದಲ್ಲಿ ಯಾವ ಪಾಠವನ್ನೂ ನಾನು ಅಷ್ಟು ಬೇಗ ಕಲಿತವಳಲ್ಲ! ಅವನು ಊಟಕ್ಕೆ ಎದ್ದ. ನಾನು ಎಡಗಡೆ ಸ್ಪೀಕರಿನ ಹಿಂದೆ ಕೈ ಹಾಕಿ ತಂತಿ ಉಲ್ಟಾ ಮಾಡಿದೆ.

ಭಾನುವಾರ ಬಳಗವೆಲ್ಲ ಅವನ ಮನೆಗೆ ಹೋಯಿತು. ಮಾತು ಬಾವಿಯೊಳಗಿಂದ ಬಂದಂತಿತ್ತು. ಮೂರು ತಿಂಗಳು ಅಲೆದು ಇದನ್ನೇ ತಂದೆಯಾ ಎಂದು ಭಾವ ನಕ್ಕರು. ಅಣ್ಣ ಮಾತ್ರ, ತಂತಿ ಜೋಡಿಸುವಾಗ ತಾನೇ ಏನೋ ತಪ್ಪು ಮಾಡಿರಬೇಕು ಎಂದ. ಅರ್ಧಕ್ಕೇ ಎದ್ದು ಎಲ್ಲರೂ ನಮ್ಮ ಮನೆಗೆ ಬಂದರು. ನಾನು ಗೆದ್ದ ಖುಷಿಯಲ್ಲಿ ಎಣ್ಣೆ ಇಟ್ಟೆ. ಆದರೆ ಅಂದು ಒಂದು ಮಿರ್ಚಿಯನ್ನೂ ನಾನು ಬಾಯಿಗೆ ಹಾಕಲಿಲ್ಲ.

ಮರುದಿನ ಬೆಳಿಗ್ಗೆಯೇ ಹೋದೆ. ಅಣ್ಣ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ.

"ಅಣ್ಣಾ, ಎಡಗಡೆ ತಂತಿ ಉಲ್ಟಾ ಮಾಡಿದ್ದು ನಾನು."

"ಗೊತ್ತೈತಿ."

ಶನಿವಾರವೇ ಗೊತ್ತಾಗಿತ್ತಂತೆ. ಅದರ ಜೊತೆಗೆ ಬಂದ ಸಣ್ಣ ಮೈಕು ಇಟ್ಟು ಪರೀಕ್ಷೆ ಮಾಡಿದಾಗ, ಎಡಗಡೆ ತಂತಿ ತಪ್ಪಾಗಿದೆ ಎಂದು ರಿಸೀವರೇ ತೋರಿಸಿತಂತೆ. ತಾನು ಸರಿಯಾಗಿಯೇ ಜೋಡಿಸಿದ್ದು ಅವನಿಗೆ ನೆನಪಿತ್ತು; ಜೊತೆಗಿದ್ದವಳು ನಾನೊಬ್ಬಳೇ.

"ಮತ್ಯಾಕ ಸರಿ ಮಾಡಲಿಲ್ಲ? ಅಷ್ಟು ಮಂದಿ ನಕ್ಕರಲ್ಲ."

ಅಣ್ಣ ಒರೆಸುವುದನ್ನು ನಿಲ್ಲಿಸಲಿಲ್ಲ. "ಸರಿ ಮಾಡಿದ್ರ ಭಾನುವಾರ ನಿನ್ನ ಮನಿಗೆ ಯಾರು ಬರತಿದ್ರವಾ?"

ನಾನು ಎಡಗಡೆ ಸ್ಪೀಕರಿನ ಹತ್ತಿರ ಹೋಗಿ ಕೂತೆ.

"ಸೋಮವಾರದಿಂದ ಶನಿವಾರದ ತನಕ ಸರಿ ಇಟ್ಟು ನಾನು ಕೇಳತೀನಿ" ಎಂದ. "ಭಾನುವಾರ ಮತ್ತ ಉಲ್ಟಾ ಮಾಡೂಣು. ನನಗೇನು ತ್ರಾಸು?"

ತಂತಿಯನ್ನು ಅಂದೇ ನಾನೇ ಸರಿಪಡಿಸಿದೆ. ಮುಂದಿನ ಭಾನುವಾರ ಬಳಗದವರು ಬರುವ ಹೊತ್ತಿಗೆ ಮನೆಗೆ ಬೀಗ ಹಾಕಿ, ಮಿರ್ಚಿಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಲ್ಲರನ್ನೂ ಮುಂದೆ ಬಿಟ್ಟುಕೊಂಡು ಅಣ್ಣನ ಮನೆಗೆ ಹೊರಟೆ.